ಒಂದೇ ಚರ್ಮದೊಳಗೆ ಎರಡು ಮಾಂಸ: ಥ್ಯಾಂಕ್ಸ್‌ಗಿವಿಂಗ್ ಟರ್ಕಿ ಬೇಯಿಸುವ ಬಗೆಗಳು

ನಮ್ಮೂರಲ್ಲಿ ಕೋಳಿ ಸಾರು ಮಾಡಬೇಕೆಂದರೆ ಕಷ್ಟವಿದ್ದದ್ದು ಕೋಳಿ ಹಿಡಿಯುವುದರಲ್ಲಿ. ಹಿತ್ತಲು ತುಂಬ ಓಡಾಡಿಸಿ, ಬೇಲಿ ಹಾರಿಸಿ, ಕೊನೆಗೂ ಕೈಗೆ ಸಿಕ್ಕಮೇಲೆ ಉಳಿದದ್ದೆಲ್ಲ ಅಜ್ಜಿಗೆ ಎರಡು ಗಂಟೆಯ ಕೆಲಸ. ಥ್ಯಾಂಕ್ಸ್‌ಗಿವಿಂಗ್ ಎಂಬ ಅಮೆರಿಕದ ಹಬ್ಬದೂಟಕ್ಕೆ ಬೇಯಿಸುವ ಟರ್ಕಿ ಕೋಳಿ ಇದಕ್ಕೆ ಪೂರಾ ಉಲ್ಟಾ. ಅಂಗಡಿಯಲ್ಲಿ ಕಲ್ಲಿನ ಹಾಗೆ ಹೆಪ್ಪುಗಟ್ಟಿ ಮಲಗಿರುತ್ತದೆ, ಎತ್ತಿ ತಂದರಾಯಿತು. ಕಷ್ಟ ಶುರುವಾಗುವುದು ಆಮೇಲೆ.

ಇಲ್ಲಿಗೆ ಬಂದ ಮೊದಲ ವರ್ಷ ನಾನು ಬುಧವಾರ ರಾತ್ರಿ ಹದಿನಾಲ್ಕು ಪೌಂಡಿನ ಹಕ್ಕಿಯನ್ನು ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿ, ಗುರುವಾರ ಬೆಳಿಗ್ಗೆ ಹೊಟ್ಟೆಯೊಳಗೆ ಕೈ ಹಾಕಿದರೆ ಬೆರಳು ಐಸಿಗೆ ಅಂಟಿಕೊಂಡಿತು. ಸಂಜೆ ಏಳಕ್ಕೆ ಮೇಲೆಲ್ಲ ಕಂದುಬಣ್ಣ, ತೊಡೆಯ ಬುಡದಲ್ಲಿ ಹಸಿರಕ್ತ. ಕರೆದ ನೆಂಟರಿಗೆ ಪುಳಿಯೋಗರೆ ಬಡಿಸಿದೆ. ಅಂದಿನಿಂದ ಇಂದಿನವರೆಗೆ ಬಗೆಬಗೆಯಾಗಿ ಬೇಯಿಸಿ ನೋಡಿದ್ದೇನೆ. ಕಲಿತದ್ದು ಒಂದೇ ವಿಷಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಟರ್ಕಿ ಅಂದರೆ ಒಂದು ಮಾಂಸವಲ್ಲ, ಎರಡು. ದಿನವಿಡೀ ನಡೆದಾಡುವ ಕಾಲು, ತೊಡೆಯ ಮಾಂಸ ಕಪ್ಪಗೆ, ನರನಾರು ತುಂಬಿರುತ್ತದೆ. ಆ ನಾರು ಕರಗಿ ಮೆತ್ತಗಾಗಬೇಕಾದರೆ 175-180 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು (ಮುಂದೆ ಬರುವ ಡಿಗ್ರಿಗಳೂ ಫ್ಯಾರನ್‌ಹೀಟಿನವೇ). ಎದೆಯದು ಬಿಳಿ ಮಾಂಸ, ಕೊಬ್ಬೇ ಇಲ್ಲ. 150 ದಾಟಿದ ಮೇಲೆ ಏರುವ ಪ್ರತಿ ಡಿಗ್ರಿಗೂ ಅದರ ರಸ ಇಳಿಯುತ್ತ ಹೋಗಿ, 175ಕ್ಕೆ ಬರುವಷ್ಟರಲ್ಲಿ ಹತ್ತಿ ಜಗಿದ ಹಾಗಿರುತ್ತದೆ. ಅಮೆರಿಕದ ಕೃಷಿ ಇಲಾಖೆ ಹೇಳುವ ಸುರಕ್ಷಿತ ಮಟ್ಟ ಎಲ್ಲ ಭಾಗಕ್ಕೂ 165 ಡಿಗ್ರಿ (74 ಸೆಲ್ಸಿಯಸ್). ಎದೆ ಅಲ್ಲಿಗೆ ನಿಲ್ಲಬೇಕು, ತೊಡೆ ಅಲ್ಲಿಂದ ಮುಂದೆ ಹೋಗಬೇಕು, ಎರಡೂ ಒಂದೇ ಹೊತ್ತಿಗೆ ಮೇಜಿಗೆ ಬರಬೇಕು. ಕೆಳಗೆ ಬರುವ ಒಂದೊಂದು ವಿಧಾನವೂ ಈ ಜಗಳ ಬಿಡಿಸುವ ಒಂದೊಂದು ಉಪಾಯ. ನಿಮ್ಮ ಮನೆಯ ಓವನ್, ಹಿತ್ತಲು, ನೆಂಟರ ಲೆಕ್ಕ ನೋಡಿ ಆರಿಸಿಕೊಳ್ಳಿ.

ಭಾನುವಾರದಿಂದಲೇ ಶುರು

ಹಬ್ಬ ನವೆಂಬರಿನ ನಾಲ್ಕನೇ ಗುರುವಾರ. ಅಮೆರಿಕದ ಅಧ್ಯಕ್ಷ ಲಿಂಕನ್ 1863ರಲ್ಲಿ ಕೊನೆಯ ಗುರುವಾರ ಅಂದಿದ್ದರು, 1941ರಲ್ಲಿ ಸಂಸತ್ತು ಅದನ್ನು ನಾಲ್ಕನೆಯದಕ್ಕೆ ಗೊತ್ತುಮಾಡಿತು. ಅಡುಗೆಯವರಿಗೆ ಇದರಿಂದ ಒಂದು ಅನುಕೂಲ: ಹಿಂದಿನ ವಾರಾಂತ್ಯ ಪೂರ್ತಿ ಕೈಯಲ್ಲಿರುತ್ತದೆ.

ಎಷ್ಟು ದೊಡ್ಡದು ತರಬೇಕು? ಮೂಳೆ ಸೇರಿ ತಲೆಗೊಂದು ಪೌಂಡ್ ಸಾಕು. ನಮ್ಮ ಕೂಟಗಳಲ್ಲಿ ಅರ್ಧಕ್ಕರ್ಧ ಸಸ್ಯಾಹಾರಿಗಳು, ಜೊತೆಗೆ ಬಿಸಿಬೇಳೆಬಾತಿನ ಪಾತ್ರೆಯೂ ಬರುವುದರಿಂದ ಇನ್ನೂ ಕಡಿಮೆಯೇ ಸಾಕಾಗುತ್ತದೆ. ಹನ್ನೆರಡು ಪೌಂಡಿನದು (ಸುಮಾರು ಐದೂವರೆ ಕಿಲೋ) ಹೇಳಿಮಾಡಿಸಿದ ಗಾತ್ರ. ಇಪ್ಪತ್ತು ಪೌಂಡಿನ ಭೀಮನನ್ನು ತರುವ ಬದಲು ಹತ್ತರದು ಎರಡು ತನ್ನಿ. ದೊಡ್ಡದಾದಷ್ಟೂ ಎದೆ-ತೊಡೆಯ ಅಂತರ ಹೆಚ್ಚು.

ಹೆಪ್ಪು ಬಿಡಿಸುವ ಲೆಕ್ಕ: ಫ್ರಿಜ್ಜಿನಲ್ಲಿ ನಾಲ್ಕೈದು ಪೌಂಡಿಗೆ ಇಪ್ಪತ್ನಾಲ್ಕು ಗಂಟೆ. ಹನ್ನೆರಡು ಪೌಂಡಿಗೆ ಮೂರು ದಿನ. ಹಾಗಾಗಿ ಭಾನುವಾರವೇ ಕಡೆಯ ಗಡುವು, ಉಪ್ಪು ಹಚ್ಚಿಡುವ ಆಸೆಯಿದ್ದರೆ ಶುಕ್ರವಾರವೋ ಶನಿವಾರವೋ ಇಳಿಸಿ. ಫ್ರಿಜ್ಜಿನ ಕೆಳಗಿನ ಶೆಲ್ಫಿನಲ್ಲಿ, ಅಂಚಿರುವ ಟ್ರೇಯ ಮೇಲೆ ಇಡಿ, ನೀರು ಸೋರುತ್ತದೆ. ಮರೆತಿರೋ, ತಣ್ಣೀರಿನ ದಾರಿಯಿದೆ: ಪ್ಲಾಸ್ಟಿಕ್ ಬಿಚ್ಚದೆ ಸಿಂಕಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸಿ, ಪೌಂಡಿಗೆ ಅರ್ಧ ಗಂಟೆ. ಹನ್ನೆರಡು ಪೌಂಡಿಗೆ ಆರು ಗಂಟೆ, ಹನ್ನೆರಡು ಸಲ ನೀರು. ಹೀಗೆ ಬಿಟ್ಟದ್ದನ್ನು ಆ ಕೂಡಲೇ ಬೇಯಿಸಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ರಾತ್ರಿಯಿಡೀ ಬಿಡುವುದು ಬೇಡವೇ ಬೇಡ. 40ರಿಂದ 140 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳಿಗೆ ಹಬ್ಬ.

ಬಿಟ್ಟಮೇಲೆ ಹೊಟ್ಟೆಯೊಳಗೂ ಕತ್ತಿನ ಸಂದಿಯಲ್ಲೂ ಕೈ ಹಾಕಿ ನೋಡಿ. ಕತ್ತು, ಗುಂಡಿಗೆ, ಲಿವರ್ ಇರುವ ಪೊಟ್ಟಣವನ್ನು ಅಲ್ಲೇ ತುರುಕಿರುತ್ತಾರೆ. ಅದನ್ನು ತೆಗೆಯದೆ ಬೇಯಿಸಿದವರ ಸಂಖ್ಯೆ ಸಣ್ಣದಲ್ಲ.

ಇನ್ನು ನಮಗೆ ಒಗ್ಗದ ಮಾತು: ತೊಳೆಯಬೇಡಿ. ಅರಿಸಿನ ಹಚ್ಚಿ ಮೂರು ನೀರಲ್ಲಿ ತೊಳೆದೇ ಕೋಳಿ ಮುಟ್ಟುವವರು ನಾವು, ನನಗೂ ಕೈ ತಡೆಯುವುದಿಲ್ಲ. ಆದರೆ ಸಿಂಕಿನಲ್ಲಿ ಆ ಗಾತ್ರದ ಹಕ್ಕಿಯ ಮೇಲೆ ನಲ್ಲಿ ಬಿಟ್ಟರೆ ಹಸಿಮಾಂಸದ ನೀರು ಪಕ್ಕದ ಕೋಸಂಬರಿ ಬಟ್ಟಲಿನವರೆಗೂ ಹಾರುತ್ತದೆ. ಟಿಶ್ಯೂ ಕಾಗದದಿಂದ ಒತ್ತಿ ಒರೆಸಿದರೆ ಸಾಕು. ಅರಿಸಿನ ಆಮೇಲೆ ಹಚ್ಚಿಕೊಳ್ಳಿ, ಯಾರೂ ತಡೆಯುವುದಿಲ್ಲ.

ಉಪ್ಪು ಹಚ್ಚಿಡುವುದು

ಯಾವ ವಿಧಾನ ಹಿಡಿದರೂ ಇದೊಂದನ್ನು ಬಿಡಬೇಡಿ. ಬಕೆಟ್ಟಿನಲ್ಲಿ ಉಪ್ಪುನೀರು ತುಂಬಿ ಮುಳುಗಿಸಿಡುವ ಪದ್ಧತಿ ಇತ್ತು, ಈಗಲೂ ಇದೆ. ಜಾಗ ತಿನ್ನುತ್ತದೆ, ಚರ್ಮ ನೆನೆದು ಗರಿಗರಿಯಾಗುವುದಿಲ್ಲ, ಮಾಂಸಕ್ಕೆ ಸೇರುವುದು ಬರೀ ನೀರು. ಒಣ ಉಪ್ಪೇ ಲೇಸು. ಕಿಲೋಗೆ ಎಂಟರಿಂದ ಹತ್ತು ಗ್ರಾಂ ಲೆಕ್ಕದಲ್ಲಿ ತೂಗಿ (ಚಮಚದ ಲೆಕ್ಕ ನಂಬಬೇಡಿ, ಹರಳುಪ್ಪಿಗೂ ಪುಡಿಯುಪ್ಪಿಗೂ ಚಮಚದಲ್ಲಿ ದುಪ್ಪಟ್ಟು ವ್ಯತ್ಯಾಸ), ಎದೆಯ ಚರ್ಮದಡಿ ಬೆರಳು ಜಾರಿಸಿ ಒಳಗೂ, ಮೇಲೂ, ಹೊಟ್ಟೆಯೊಳಗೂ ಉಜ್ಜಿ. ಮುಚ್ಚದೆ ಫ್ರಿಜ್ಜಿನಲ್ಲಿ ಒಂದರಿಂದ ಮೂರು ದಿನ. ಮೊದಲು ನೀರು ಬಿಡುತ್ತದೆ, ಆಮೇಲೆ ಆ ನೀರೇ ಉಪ್ಪನ್ನು ಹೊತ್ತು ಒಳಗೆ ಇಳಿಯುತ್ತದೆ. ಚರ್ಮ ಒಣಗಿ ಹಾಳೆಯ ಹಾಗಾಗುತ್ತದೆ. ಅದೇ ನಮಗೆ ಬೇಕಾದದ್ದು.

ಒಂದು ಎಚ್ಚರ. ಚೀಟಿ ಓದಿ. ಬಹಳ ಕಂಪನಿಗಳ ಹೆಪ್ಪುಗಟ್ಟಿದ ಹಕ್ಕಿಗೆ ಉಪ್ಪುನೀರಿನ ದ್ರಾವಣ ಚುಚ್ಚಿರುತ್ತಾರೆ, ಶೇಕಡ ಎಂಟರವರೆಗೆ ಎಂದು ಬರೆದಿರುವುದು ಸಾಮಾನ್ಯ. ಯೆಹೂದಿಗಳ ಶಾಸ್ತ್ರದಂತೆ ಕಡಿದು ಮಾರುವ ಕೋಷರ್ ಹಕ್ಕಿಯೂ ಮೊದಲೇ ಉಪ್ಪು ಕಂಡದ್ದು. ಅಂಥವಕ್ಕೆ ಅರ್ಧಕ್ಕಿಂತ ಕಡಿಮೆ ಹಾಕಿ, ಇಲ್ಲವೇ ಬಿಟ್ಟುಬಿಡಿ.

ಮುಚ್ಚದ ಹಸಿ ಟರ್ಕಿಯ ಪಕ್ಕದಲ್ಲಿ ಮೊಸರಿನ ಪಾತ್ರೆ ಕಂಡು ಊರಿಂದ ಬಂದ ಅತ್ತೆಯವರು ಮೂರು ದಿನ ಕಾಫಿಗೂ ಹಾಲು ಮುಟ್ಟದ ಮನೆ ನನಗೆ ಗೊತ್ತು. ಅಂಥ ಕಡೆ ದೊಡ್ಡ ಐಸ್ ಡಬ್ಬಿಯೊಂದನ್ನು ಗ್ಯಾರೇಜಿನಲ್ಲಿಡಿ. ಒಳಗೊಂದು ಥರ್ಮಾಮೀಟರ್ ಹಾಕಿ, 40 ಡಿಗ್ರಿ ಮೀರದ ಹಾಗೆ ಐಸ್ ತುಂಬುತ್ತಿರಿ.

ಮಸಾಲೆಯ ಮಾತು ಬಂತು. ಬೆಣ್ಣೆಗೆ ಕುಟ್ಟಿದ ಮೆಣಸು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಅರೆದು ಕಲಸಿ ಚರ್ಮದ *ಅಡಿಗೆ* ತುಂಬಿ. ಬ್ಯಾಡಗಿ ಮೆಣಸಿನಪುಡಿಯನ್ನು ಚರ್ಮದ ಮೇಲೆ ಬಳಿದರೆ ಜೋರು ಶಾಖಕ್ಕೆ ಅರ್ಧ ಗಂಟೆಯಲ್ಲಿ ಕರಕಲಾಗಿ ಕಹಿ ಬರುತ್ತದೆ. ಉಪ್ಪು ಮೊದಲೇ ಹಿಡಿದಿರುವುದರಿಂದ ಬೆಣ್ಣೆಗೆ ಮತ್ತೆ ಉಪ್ಪು ಬೇಡ.

ಇಡಿಯಾಗಿ ಓವನ್ನಿನಲ್ಲಿ

ಚಿತ್ರಗಳಲ್ಲಿ ಕಾಣುವುದು ಇದೇ. ನಿಜ ಹೇಳಬೇಕೆಂದರೆ ನೋಡಲು ಚೆಂದ, ತಿನ್ನಲು ಎಲ್ಲಕ್ಕಿಂತ ಹಿಂದೆ. ಆದರೂ ಮೇಜಿನ ಮೇಲೆ ಇಡೀ ಹಕ್ಕಿ ಬರಲೇಬೇಕು ಎನ್ನುವ ಮಕ್ಕಳಿದ್ದರೆ ಹೀಗೆ ಮಾಡಿ.

ಓವನ್ 325 ಡಿಗ್ರಿ (163 ಸೆಲ್ಸಿಯಸ್) ಕಾಯಿಸಿ, ಇದಕ್ಕಿಂತ ಕೆಳಗೆ ಇಳಿಸಬೇಡಿ. ಅದು ಕಾಯುವಷ್ಟು ಹೊತ್ತು, ಸುಮಾರು ಅರ್ಧ ಗಂಟೆ, ಹಕ್ಕಿಯನ್ನು ಹೊರಗಿಟ್ಟು ಎದೆಯ ಮೇಲೆ ಮಾತ್ರ ಐಸ್ ಚೀಲ ಹೇರಿ. ತೊಡೆ ಬೆಚ್ಚಗಾಗುತ್ತದೆ, ಎದೆ ತಣ್ಣಗೇ ಇರುತ್ತದೆ, ಓಟದಲ್ಲಿ ತೊಡೆ ಮುಂದಿನಿಂದ ಹೊರಡುತ್ತದೆ. ನಗಬೇಡಿ, ಕೆಲಸ ಮಾಡುತ್ತದೆ. ರೆಕ್ಕೆಯ ತುದಿ ಬೆನ್ನಡಿಗೆ ಮಡಚಿ, ತಟ್ಟೆಯೊಳಗೆ ಜಾಲರಿಯಿಟ್ಟು ಅದರ ಮೇಲೆ ಕೂರಿಸಿ. ಹಿಂಬದಿ ಹೆಚ್ಚು ಬಿಸಿಯಿರುವ ಓವನ್ ಆದರೆ ಕಾಲು ಹಿಂದಕ್ಕಿರಲಿ. ಎದೆ ಬಣ್ಣ ಬಂದ ಕೂಡಲೇ ಅದಕ್ಕೆ ಮಾತ್ರ ಫಾಯಿಲ್ ಹೊದಿಸಿ.

ಒಳಗೆ ಏನೂ ತುಂಬದೆ ಎಂಟರಿಂದ ಹನ್ನೆರಡು ಪೌಂಡಿಗೆ ಎರಡೂಮುಕ್ಕಾಲರಿಂದ ಮೂರು ಗಂಟೆ, ಹನ್ನೆರಡರಿಂದ ಹದಿನಾಲ್ಕಕ್ಕೆ ಮೂರರಿಂದ ಮೂರೂಮುಕ್ಕಾಲು, ಹದಿನಾಲ್ಕರಿಂದ ಹದಿನೆಂಟಕ್ಕೆ ಮೂರೂಮುಕ್ಕಾಲರಿಂದ ನಾಲ್ಕೂಕಾಲು. ಇದು ಅಂದಾಜು. ತೀರ್ಪು ಕೊಡುವುದು ಥರ್ಮಾಮೀಟರ್. ಎದೆಯ ದಪ್ಪ ಜಾಗ, ತೊಡೆಯ ಒಳಭಾಗ, ರೆಕ್ಕೆಯ ಬುಡ, ಈ ಮೂರು ಕಡೆ ಚುಚ್ಚಿ, ಮುಳ್ಳು ಮೂಳೆಗೆ ತಾಗದಿರಲಿ. ಬೆಂದಿತೆಂದು ತೋರಿಸಲು ಹಕ್ಕಿಯ ಜೊತೆ ಬರುವ ಪ್ಲಾಸ್ಟಿಕ್ ಗುಂಡಿ ಮೇಲೆ ಹಾರಿತೆಂದು ನಂಬಿ ಕೂರಬೇಡಿ.

ಅರ್ಧ ಗಂಟೆಗೊಮ್ಮೆ ಬಾಗಿಲು ತೆಗೆದು ರಸ ಹೊಯ್ಯುವ ಶಾಸ್ತ್ರವನ್ನು ನಾನು ಬಿಟ್ಟು ವರ್ಷಗಳಾದವು. ಆ ರಸ ಒಳಗೆ ಇಳಿಯುವುದಿಲ್ಲ, ಚರ್ಮ ನೆನೆಯುತ್ತದೆ, ಓವನ್ ತಣ್ಣಗಾಗುತ್ತದೆ, ಅಷ್ಟೆ.

ಓವನ್ ಚೀಲದ ದಾರಿಯೂ ಇದೆ. ಚೀಲಕ್ಕೆ ಒಂದು ದೊಡ್ಡ ಚಮಚ ಮೈದಾ ಹಾಕಿ ಕುಲುಕಿ, ಹಕ್ಕಿ ಇಟ್ಟು ಕಟ್ಟಿ, ಮೇಲೆ ನಾಲ್ಕೈದು ಸೀಳು ಕೊಟ್ಟು 350 ಡಿಗ್ರಿಯಲ್ಲಿ ಎರಡರಿಂದ ಎರಡೂವರೆ ಗಂಟೆ. ಹಬೆಯಲ್ಲಿ ಬೆಂದು ಒಣಗದೆ ಉಳಿಯುತ್ತದೆ, ಚರ್ಮ ಮಾತ್ರ ಮೆತ್ತಗೆ. ಮೊದಲ ಸಲ ಕೈಹಾಕುವ, ಭಯವಿರುವವರಿಗೆ ಒಳ್ಳೆಯದು.

ಬೆನ್ನುಮೂಳೆ ತೆಗೆದು ಚಪ್ಪಟೆ ಮಾಡಿ: ನನ್ನ ಓಟು ಇದಕ್ಕೇ

ಸ್ಪ್ಯಾಚ್‌ಕಾಕ್ ಅನ್ನುತ್ತಾರೆ. ಪುಸ್ತಕ ಬಿಡಿಸಿದ ಹಾಗೆ ಹಕ್ಕಿಯನ್ನು ಬಿಡಿಸಿ ಮಲಗಿಸುವುದು. ಇಡಿಯಾಗಿದ್ದಾಗ ಎದೆ ಮೇಲೆ ಶಾಖಕ್ಕೆ ಎದುರಾಗಿಯೂ, ತೊಡೆ ಕೆಳಗೆ ಅಡಗಿಯೂ ಇರುತ್ತದೆ. ಚಪ್ಪಟೆ ಮಾಡಿದರೆ ತೊಡೆಗಳು ಅಂಚಿಗೆ ಬಂದು ಶಾಖಕ್ಕೆ ಮೈಯೊಡ್ಡುತ್ತವೆ, ದಪ್ಪ ಎದೆ ನಡುವೆ ನಿಲ್ಲುತ್ತದೆ. ಜಗಳ ಅಲ್ಲಿಗೆ ಅರ್ಧ ಮುಗಿಯಿತು. ಹನ್ನೆರಡು ಪೌಂಡಿನದು ಒಂದೂಕಾಲರಿಂದ ಒಂದೂವರೆ ಗಂಟೆಯಲ್ಲಿ ಸಿದ್ಧ.

1. ಹಕ್ಕಿಯನ್ನು ಎದೆ ಕೆಳಗಾಗಿ ಮಲಗಿಸಿ. ಗಟ್ಟಿ ಕತ್ತರಿಯಿಂದ (ಕೋಳಿ ಕತ್ತರಿಸಲೆಂದೇ ಸಿಗುತ್ತದೆ) ಬೆನ್ನುಮೂಳೆಯ ಒಂದು ಪಕ್ಕ ಬಾಲದಿಂದ ಕತ್ತಿನವರೆಗೆ ಕತ್ತರಿಸಿ, ಆಮೇಲೆ ಇನ್ನೊಂದು ಪಕ್ಕ. ತೊಡೆಯ ಕೀಲಿನ ಹತ್ತಿರ ಸ್ವಲ್ಪ ಬಲ ಬೇಕು. ಅಂಗಡಿಯ ಮಾಂಸದ ಕೌಂಟರಿನಲ್ಲಿ ಹೆಪ್ಪುಗಟ್ಟದ ಹಕ್ಕಿ ಕೊಂಡರೆ ಬಹಳಷ್ಟು ಕಡೆ ಅವರೇ ಮಾಡಿಕೊಡುತ್ತಾರೆ, ನಾಚಿಕೆಯಿಲ್ಲದೆ ಕೇಳಿ.

2. ಬೆನ್ನುಮೂಳೆ ಎಸೆಯಬೇಡಿ. ಕತ್ತಿನ ಜೊತೆ ಸೇರಿಸಿ, ಈರುಳ್ಳಿ, ಮೆಣಸು, ಪಲಾವ್ ಎಲೆ ಹಾಕಿ ಸಣ್ಣ ಉರಿಯಲ್ಲಿ ಕುದಿಯಲು ಬಿಡಿ. ಗ್ರೇವಿಗೆ ರಸ ಆಯಿತು.

3. ಹಕ್ಕಿ ತಿರುಗಿಸಿ, ಎದೆಯ ನಡುಮೂಳೆಯ ಮೇಲೆ ಎರಡೂ ಅಂಗೈಯಿಟ್ಟು ಮೈಭಾರ ಹಾಕಿ ಒತ್ತಿ. ಚಟ್ ಅನ್ನುತ್ತದೆ. ಚಪ್ಪಟೆಯಾಗಿ ಕೂರುತ್ತದೆ. ರೆಕ್ಕೆಯ ತುದಿ ಎದೆಯಡಿಗೆ ಸೇರಿಸಿ.

4. ಉಪ್ಪು ಹಚ್ಚಿ ಇಡುವುದನ್ನು ಈ ಹಂತದಲ್ಲೇ ಮಾಡಿದರೆ ಫ್ರಿಜ್ಜಿನಲ್ಲಿ ಜಾಗವೂ ಉಳಿಯುತ್ತದೆ.

5. ಅಂಚಿರುವ ದೊಡ್ಡ ಟ್ರೇಯಲ್ಲಿ ದಪ್ಪಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್ ಹರಡಿ, ಒಂದು ಲೋಟ ನೀರು ಹೊಯ್ದು, ಮೇಲೆ ಜಾಲರಿಯಿಟ್ಟು ಹಕ್ಕಿ ಮಲಗಿಸಿ. ಈ ತರಕಾರಿ ಅಲಂಕಾರಕ್ಕಲ್ಲ. 450 ಡಿಗ್ರಿಯಲ್ಲಿ (230 ಸೆಲ್ಸಿಯಸ್) ಒಣ ಟ್ರೇಗೆ ತೊಟ್ಟಿಕ್ಕುವ ಕೊಬ್ಬು ಹೊಗೆ ಏಳಿಸುತ್ತದೆ. ಸಾಸಿವೆ ಒಗ್ಗರಣೆಗೇ ಕೂಗಿಕೊಳ್ಳುವ ನಮ್ಮ ಅಪಾರ್ಟ್‌ಮೆಂಟಿನ ಸ್ಮೋಕ್ ಅಲಾರಂ ಇದಕ್ಕೆ ಸುಮ್ಮನಿರುತ್ತದೆಯೇ?

6. ಚರ್ಮಕ್ಕೆ ಎಣ್ಣೆ ಸವರಿ ಒಳಗಿಡಿ. ಒಂದು ಗಂಟೆಗೆ ಮೊದಲ ಸಲ ಥರ್ಮಾಮೀಟರ್ ಚುಚ್ಚಿ. ಬಣ್ಣ ಬೇಗ ಏರುತ್ತಿದ್ದರೆ 400ಕ್ಕೆ ಇಳಿಸಿ. ಎದೆ 165 ತಲುಪುವ ಹೊತ್ತಿಗೆ ತೊಡೆ 175ರ ಆಸುಪಾಸಿನಲ್ಲಿ ಇರುತ್ತದೆ. ಮೊದಲ ಸಲ ಆ ಎರಡು ಅಂಕಿ ನೋಡಿದಾಗ ನನಗೆ ಆದ ಸಂತೋಷ ಹಕ್ಕಿ ತಿಂದಾಗಲೂ ಆಗಲಿಲ್ಲ.

ಬಿಡಿಸಿ ಬೇಯಿಸುವುದು

ಎರಡು ಮಾಂಸ ಅಂದಮೇಲೆ ಎರಡು ಅಡುಗೆ ಮಾಡಿದರೆ ಜಗಳವೇ ಇಲ್ಲವಲ್ಲ? ಮಾಂಸ ತುಂಡು ಮಾಡಿ ಬೇಯಿಸುವ ನಮ್ಮ ಕೈಗೆ ಇದು ಸಲೀಸು. ಕಾಲು-ತೊಡೆ ಬೇರೆ, ಮೂಳೆ ಸಮೇತ ಎದೆ ಬೇರೆ. ಅಂಗಡಿಯಲ್ಲಿ ಬಿಡಿಬಿಡಿಯಾಗಿಯೂ ಸಿಗುತ್ತವೆ.

ಎದೆ ನಾಲ್ಕರಿಂದ ಆರು ಪೌಂಡಿನದಾದರೆ 325 ಡಿಗ್ರಿಯಲ್ಲಿ ಒಂದೂವರೆಯಿಂದ ಎರಡೂಕಾಲು ಗಂಟೆ. 165 ಆದ ಕೂಡಲೇ ಹೊರಗೆ. ಕಾಲುಗಳನ್ನು ದಪ್ಪ ತಳದ ಪಾತ್ರೆಯಲ್ಲಿ ಕಂದುಬಣ್ಣಕ್ಕೆ ಹುರಿದು ತೆಗೆದು, ಅದೇ ಕೊಬ್ಬಿನಲ್ಲಿ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಟೊಮೆಟೊ ಬಾಡಿಸಿ, ಧನಿಯ-ಮೆಣಸು-ಚಕ್ಕೆ-ಲವಂಗದ ಮಸಾಲೆ ಹಾಕಿ, ಕಾಲು ಅರ್ಧ ಮುಳುಗುವಷ್ಟು ನೀರು ಹೊಯ್ದು ಮುಚ್ಚಿಡಿ. ಒಲೆಯ ಮೇಲೆ ಸಣ್ಣ ಉರಿಯಲ್ಲಾಗಲಿ ಅದೇ ಓವನ್ನಿನಲ್ಲಾಗಲಿ ಎರಡು ಗಂಟೆಯ ಮೇಲೆಯೇ ಹಿಡಿಯುತ್ತದೆ, ಮೂಳೆಯಿಂದ ಮಾಂಸ ತಾನಾಗಿ ಬಿಡಬೇಕು. ನಾಟಿಕೋಳಿಯ ಸಾರು ತಿಂದು ಬೆಳೆದವರಿಗೆ ಈ ಕಾಲಿನ ಮಾಂಸ ಕೂಡಲೇ ಹಿಡಿಸುತ್ತದೆ. ಹಿಂದಿನ ದಿನವೇ ಮಾಡಿಟ್ಟರೆ ರುಚಿ ಇನ್ನೂ ಹೆಚ್ಚು. ಟರ್ಕಿಯ ಕಾಲಿನ ನರ ಕೆಲವು ಕಡ್ಡಿಯ ಹಾಗೆ ಗಟ್ಟಿ, ಬೆಂದಮೇಲೆ ಎಳೆದು ತೆಗೆದು ಬಡಿಸಿ.

ಎಣ್ಣೆಯಲ್ಲಿ ಕರಿಯುವುದು

ಲೂಯಿಸಿಯಾನ ರಾಜ್ಯದ, ಫ್ರೆಂಚ್ ಮೂಲದ ಕೇಜನ್ ಜನರಿಂದ ದೇಶವೆಲ್ಲ ಹಬ್ಬಿದ ಪದ್ಧತಿ. ಕಡಲೆಕಾಯಿ ಎಣ್ಣೆಯಲ್ಲಿ ಇಡೀ ಹಕ್ಕಿ ಮುಳುಗಿಸಿ ಕರಿಯುತ್ತಾರೆ. ಪೌಂಡಿಗೆ ಮೂರೂವರೆ ನಿಮಿಷದ ಲೆಕ್ಕ, ಹನ್ನೆರಡು ಪೌಂಡಿನದು ಮುಕ್ಕಾಲು ಗಂಟೆಯಲ್ಲಿ ಆಯಿತು. ರುಚಿಗೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ಅಮೆರಿಕದಲ್ಲಿ ಮನೆಯ ಅಡುಗೆಯಿಂದ ಬೆಂಕಿ ಹೊತ್ತುವ ಪ್ರಕರಣ ವರ್ಷದಲ್ಲೇ ಅತಿ ಹೆಚ್ಚು ಆಗುವುದು ಈ ಹಬ್ಬದ ದಿನ, ಗ್ಯಾಸ್ ಒಲೆಯ ಮೇಲೆ ಎಣ್ಣೆ ತುಂಬಿ ಕರಿಯುವ ಈ ಸಾಧನವನ್ನು ಬಳಸಲೇಬೇಡಿ ಎನ್ನುತ್ತದೆ ಅಲ್ಲಿನ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ. ಕಾರಣ ಸರಳ: ಒಳಗೆ ಉಳಿದ ಐಸು, ನೀರು ಕಾದ ಎಣ್ಣೆಯಲ್ಲಿ ಹಬೆಯಾಗುವಾಗ ಸಾವಿರದೇಳ್ನೂರು ಪಟ್ಟು ಹಿಗ್ಗುತ್ತದೆ. ಎಣ್ಣೆ ಉಕ್ಕಿ ಕೆಳಗಿನ ಉರಿಗೆ ಬೀಳುತ್ತದೆ. ಒದ್ದೆ ಹಪ್ಪಳ ಬಾಣಲೆಗೆ ಬಿದ್ದಾಗ ಏನಾಗುತ್ತದೋ ಅದನ್ನು ಹದಿನೈದು ಲೀಟರ್ ಎಣ್ಣೆಯಲ್ಲಿ ಊಹಿಸಿಕೊಳ್ಳಿ.

ಮಾಡಿಯೇ ತೀರುತ್ತೇನೆ ಎಂದರೆ: ಹನ್ನೆರಡು ಪೌಂಡಿಗಿಂತ ದೊಡ್ಡದು ಬೇಡ. ಹಿಂದಿನ ದಿನವೇ ಪಾತ್ರೆಯಲ್ಲಿ ಪ್ಲಾಸ್ಟಿಕ್ ಸುತ್ತಿದ ಹಕ್ಕಿಯಿಟ್ಟು ಮುಳುಗುವಷ್ಟು ನೀರು ಹೊಯ್ದು, ಹಕ್ಕಿ ತೆಗೆದಮೇಲೆ ನೀರು ಎಲ್ಲಿ ನಿಂತಿತೋ ಅಲ್ಲಿಗೆ ಗುರುತು ಮಾಡಿ. ಎಣ್ಣೆ ಅಷ್ಟೇ. ಪಾತ್ರೆ ಪೂರ್ತಿ ಒಣಗಲಿ. ಹಕ್ಕಿಯ ಒಳಗೂ ಹೊರಗೂ ಒಂದು ಹನಿ ನೀರಿರಬಾರದು, ಒಳಗೆ ಏನೂ ತುಂಬಬಾರದು. ಮನೆಯಿಂದ, ಮರದ ಡೆಕ್ಕಿನಿಂದ, ಗ್ಯಾರೇಜಿನಿಂದ ದೂರ, ಸಮತಟ್ಟು ನೆಲದ ಮೇಲೆ ಒಲೆಯಿಡಿ. ಎಣ್ಣೆ 350 ಡಿಗ್ರಿಗೆ ಬಂದಾಗ *ಉರಿ ಆರಿಸಿ*, ಕೊಕ್ಕೆಯಿಂದ ನಿಧಾನ ಇಳಿಸಿ, ಆಮೇಲೆ ಮತ್ತೆ ಹಚ್ಚಿ. ಪಕ್ಕದಿಂದ ಕದಲಬೇಡಿ. ಮಕ್ಕಳು, ನಾಯಿ ಮನೆಯೊಳಗಿರಲಿ. ಬೆಂಕಿ ಹತ್ತಿದರೆ ನೀರು ಹೊಯ್ಯುವುದಲ್ಲ, ಎಣ್ಣೆಬೆಂಕಿಗೆಂದೇ ಇರುವ ನಂದಿಸುವ ಸಿಲಿಂಡರ್ ಕೈಗೆಟಕುವಂತಿರಲಿ. ಕಡಲೆಕಾಯಿ ಅಲರ್ಜಿ ಇರುವವರು ಬರುತ್ತಾರೆಯೇ ಎಂದು ಮೊದಲೇ ವಿಚಾರಿಸಿ.

ನಾನು ಒಮ್ಮೆ ಸ್ನೇಹಿತರ ಹಿತ್ತಲಲ್ಲಿ ನಿಂತು ನೋಡಿದ್ದೇನೆ. ತಿಂದೂ ಇದ್ದೇನೆ. ನನ್ನ ಹಿತ್ತಲಲ್ಲಿ ಮಾಡುವುದಿಲ್ಲ.

ಹೊಗೆಯಲ್ಲಿ

ಟೆಕ್ಸಾಸ್ ಕಡೆಯವರಿಗೆ ಇದೇ ಇಷ್ಟ. ಹಿಕರಿ, ಸೇಬು, ಚೆರ್ರಿ ಮರದ ಚಕ್ಕೆಯ ಹೊಗೆಯಲ್ಲಿ 250 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸುತ್ತಾರೆ, ಪೌಂಡಿಗೆ ಸುಮಾರು ಅರ್ಧ ಗಂಟೆ. ಸಣ್ಣ ಹಕ್ಕಿಯನ್ನೇ ಆರಿಸಿ, ದೊಡ್ಡದು ಆ ಮಂದ ಶಾಖದಲ್ಲಿ ಅಪಾಯದ ಉಷ್ಣತೆಯಲ್ಲೇ ಬಹಳ ಹೊತ್ತು ಉಳಿಯುತ್ತದೆ. ಚರ್ಮ ರಬ್ಬರಿನಂತಾಗುತ್ತದೆ, ಕೊನೆಗೆ ಹತ್ತು ನಿಮಿಷ ಜೋರು ಶಾಖ ಕೊಟ್ಟರೆ ಸ್ವಲ್ಪ ಸರಿಹೋಗುತ್ತದೆ. ಮಾಂಸ ಗುಲಾಬಿಯಾಗಿ ಕಂಡರೆ ಹೆದರಬೇಡಿ, ಅದು ಹೊಗೆಯ ಬಣ್ಣ. ಥರ್ಮಾಮೀಟರ್ 165 ಅಂದಮೇಲೆ ಬೆಂದಿದೆ.

ಕೊಯ್ಯುವುದು, ಬಡಿಸುವುದು

ಯಾವ ಬಗೆಯಲ್ಲಿ ಬೇಯಿಸಿದರೂ ಹೊರತೆಗೆದ ಮೇಲೆ ಇಪ್ಪತ್ತು ನಿಮಿಷ ಮುಟ್ಟದೆ ಬಿಡಿ. ಅಷ್ಟರಲ್ಲಿ ಗ್ರೇವಿ: ಟ್ರೇಯ ಕೊಬ್ಬಿನಲ್ಲಿ ಮೂರು ಚಮಚ ತೆಗೆದು ಅಷ್ಟೇ ಮೈದಾ ಹಾಕಿ ಹಸಿವಾಸನೆ ಹೋಗುವವರೆಗೆ ಹುರಿದು, ಬೆನ್ನುಮೂಳೆಯ ಬಿಸಿ ರಸವನ್ನು ಗಂಟಾಗದಂತೆ ಸ್ವಲ್ಪಸ್ವಲ್ಪವೇ ಹೊಯ್ಯುತ್ತ ತಿರುವಿ. ಕೊನೆಗೆ ಮೆಣಸಿನಪುಡಿ.

ಕೊಯ್ಯುವಾಗ ಮೊದಲು ಕಾಲನ್ನು ಹೊರಕ್ಕೆ ಬಾಗಿಸಿ ಕೀಲಿನಲ್ಲಿ ಕತ್ತರಿಸಿ. ಆಮೇಲೆ ನಡುಮೂಳೆಯ ಪಕ್ಕದಿಂದ ಚಾಕು ಇಳಿಸಿ ಎದೆಯ ಒಂದು ಭಾಗ ಪೂರ್ತಿ ಬಿಡಿಸಿ ಹಲಗೆಯ ಮೇಲಿಟ್ಟು, ಎಳೆಗೆ ಅಡ್ಡಲಾಗಿ ಬಿಲ್ಲೆ ಮಾಡಿ. ಹಕ್ಕಿಯ ಮೇಲೆಯೇ ಉದ್ದುದ್ದ ಸೀಳುವ ಸಿನಿಮಾ ಪದ್ಧತಿಯಲ್ಲಿ ಚರ್ಮ ಒಬ್ಬರಿಗೆ, ನಾರು ಇನ್ನೊಬ್ಬರಿಗೆ.

ಬ್ರೆಡ್ಡಿನ ಸ್ಟಫಿಂಗ್ ಅನ್ನು ಹೊಟ್ಟೆಯೊಳಗೆ ತುಂಬಬೇಡಿ. ಅದರ ನಡುಭಾಗ 165 ಮುಟ್ಟುವ ಹೊತ್ತಿಗೆ ಎದೆ ಕೆಟ್ಟಿರುತ್ತದೆ. ತರಕಾರಿ ರಸ ಹಾಕಿ ಬೇರೆ ಟ್ರೇಯಲ್ಲಿ ಬೇಯಿಸಿದರೆ ಸಸ್ಯಾಹಾರಿ ನೆಂಟರಿಗೂ ತಟ್ಟೆಯಲ್ಲಿ ಏನಾದರೂ ಬೀಳುತ್ತದೆ.

ಉಳಿದದ್ದನ್ನು ಎರಡು ಗಂಟೆಯೊಳಗೆ ಮೂಳೆ ಬಿಡಿಸಿ, ಅಗಲ ಡಬ್ಬಿಗಳಲ್ಲಿ ಫ್ರಿಜ್ಜಿಗೆ ಸೇರಿಸಿ, ಮೂರು ನಾಲ್ಕು ದಿನ ಇರುತ್ತದೆ. ಎದೆಯ ಚೂರುಗಳಿಗೆ ಈರುಳ್ಳಿ, ಕರಿಬೇವು, ಹಸಿಮೆಣಸಿನಕಾಯಿ ಬಾಡಿಸಿ ಕರಿಮೆಣಸಿನ ಪುಡಿ ಧಾರಾಳ ಉದುರಿಸಿ ಹುರಿದರೆ ಒಣಗಿದ್ದೂ ಮಾಫಿ. ಮಾಂಸ ಬೆಂದಿರುವುದರಿಂದ ಬಾಣಲೆಯಲ್ಲಿ ಮೂರ್ನಾಲ್ಕು ನಿಮಿಷ ಬಿಸಿಯೇರಿದರೆ ಸಾಕು. ಮೂಳೆಗೂಡನ್ನು ಮುರಿದು ಕುಕ್ಕರಿಗೆ ತುಂಬಿ, ಮುಳುಗುವಷ್ಟು ನೀರು, ಜಜ್ಜಿದ ಮೆಣಸು-ಜೀರಿಗೆ-ಬೆಳ್ಳುಳ್ಳಿ, ಒಂದು ಟೊಮೆಟೊ ಹಾಕಿ ಕೂಗಿಸಿ ಸೋಸಿ. ಶುಕ್ರವಾರ ಬೆಳಿಗ್ಗೆ ಊರೆಲ್ಲ ಸೇಲಿಗೆ ಸಾಲು ನಿಂತಿರುವಾಗ ನಮ್ಮ ಮನೆಯಲ್ಲಿ ರಾಗಿಹಿಟ್ಟಿನ ಡಬ್ಬಿ ಕೆಳಗಿಳಿಯುತ್ತದೆ. ಆ ಸಾರಿಗೆ ಮುದ್ದೆ ಬೇಕು.